ಸ್ವಿಫ್ಟ್ ತಗ್ಗಿಸುವುದು, ಆಮೇಲೆ ಅಲೈನ್‌ಮೆಂಟ್ ಹಿಡಿಯುವುದು

ನನ್ನ 2014ರ ಸ್ವಿಫ್ಟ್‌ಗೆ ಲೋವರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ತಗ್ಗಿಸುವ ಗಿಡ್ಡ ಸ್ಪ್ರಿಂಗ್) ಹಾಕಿಸಿದ ಸಂಜೆಯೇ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಹೊಂದಿಸುವ ಕೆಲಸ, ಮಾಡಿಸಿ ಮನೆಗೆ ಬಂದಿದ್ದೆ. ಆರು ತಿಂಗಳಲ್ಲಿ ಮುಂದಿನ ಎರಡೂ ಟೈರಿನ ಒಳ ಅಂಚು ಸವೆದು ತಂತಿ ಕಾಣಿಸಿತು. ಹೊರಗಿನಿಂದ ನೋಡಿದರೆ ಟೈರು ಚೆನ್ನಾಗಿಯೇ ಇತ್ತು. ಎರಡನೇ ಸಲ ಪಕ್ಕದಲ್ಲೇ ನಿಂತು ಮಾಡಿಸಿದೆ.

ಎತ್ತರ 30 ಮಿ.ಮೀ. ಇಳಿದರೆ ಸಾಕು. ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ಇರುವ ಅಂತರ) 170 ಮಿ.ಮೀ.; ಉಳಿದ 140ರಲ್ಲಿ ಐದು ಜನ ಕೂತರೆ ಇನ್ನಷ್ಟು ಕುಸಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಬೀದಿಗಳಲ್ಲಿ ಜನರೇ ಕಟ್ಟಿಕೊಂಡ ಹಂಪ್‌ಗಳು ಹಾಗಿಲ್ಲ. ಹಳೇ ಸ್ಪ್ರಿಂಗನ್ನೇ ಕತ್ತರಿಸುವ ಉಳಿತಾಯ ಬೇಡವೇ ಬೇಡ. ಗ್ಯಾಸ್ ಕಟ್ಟರ್ ತಾಗಿದರೆ ಉಕ್ಕಿನ ಹದ ಹೋಗುತ್ತದೆ, ಚಕ್ರ ಜೋತುಬಿದ್ದಾಗ ತುಂಡು ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು.

ಕೆಲಸಕ್ಕೆ ಮೊದಲು ಚಕ್ರದ ನಡುವಿನಿಂದ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ.

ನಾನು ಮೊದಲ ಸಲ ತಪ್ಪಿದ್ದು ಬುಷ್‌ನಲ್ಲಿ, ಅಂದರೆ ಕೀಲಿನಲ್ಲಿ ಕೂರುವ ರಬ್ಬರ್ ತುಂಡಿನಲ್ಲಿ. ಸ್ಪ್ರಿಂಗ್ ಬದಲಿಸಲು ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಗಾಡಿಗೆ ಸೇರಿಸುವ ತೋಳು) ಬೋಲ್ಟ್ ಮುಟ್ಟಬೇಕಿಲ್ಲ, ನಿಜ. ಆದರೆ ಅದರ ರಬ್ಬರ್ ಹಳೇ ಎತ್ತರಕ್ಕೆ ಬಿಗಿದು ಕೂತಿರುತ್ತದೆ. ಹಾಗೇ ಬಿಟ್ಟರೆ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಗಾಡಿಯ ಭಾರ ಪೂರ್ತಿ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಸಿ. ಹಿಂದಿನ ಎರಡು ಚಕ್ರ ಸೇರಿಸುವ ಬೀಮ್‌ನ ಬುಷ್‌ಗೂ ಇದೇ ಮಾತು.

ಅಲೈನ್‌ಮೆಂಟಿಗೆ ಅವಸರ ಬೇಡ. 200-300 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆಯಿರಿ. ಆಮೇಲೆ ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ ಮಷೀನ್ ಹತ್ತಿಸಿ. ಮುಟ್ಟುವ ಮುಂಚಿನ ರೀಡಿಂಗ್, ಆಮೇಲಿನ ರೀಡಿಂಗ್ ಎರಡನ್ನೂ ಪ್ರಿಂಟ್ ಕೇಳಿ ಪಡೆಯಿರಿ.

ಈ ಗಾಡಿಯಲ್ಲಿ ಕಂಪನಿಯಿಂದ ಹೊಂದಿಸಲು ಬಿಟ್ಟಿರುವುದು ಮುಂದಿನ ಟೋ ಮಾತ್ರ; ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು. ಗಾಡಿ ತಗ್ಗಿದರೆ ಟೈ ರಾಡ್‌ನ (ಸ್ಟೀರಿಂಗಿನಿಂದ ಚಕ್ರ ತಿರುಗಿಸುವ ಸಲಾಕೆ) ಕೋನ ಬದಲಾಗುತ್ತದೆ, ಟೋ ಕೆಡುತ್ತದೆ. ಮುಂದಿನ ಎರಡು ಚಕ್ರಗಳ ರಿಮ್ ನಡುವೆ ಮುಂಬದಿಯ ಅಂತರಕ್ಕೂ ಹಿಂಬದಿಯ ಅಂತರಕ್ಕೂ ಬರೀ 2 ಮಿ.ಮೀ. ಹೆಚ್ಚುಕಡಿಮೆ ಇದ್ದರೂ 15 ಇಂಚಿನ ಚಕ್ರದಲ್ಲಿ ಎರಡೂ ಟೈರ್ ಸೇರಿ ಕಿಲೋಮೀಟರಿಗೆ ಸುಮಾರು 5 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ. ನನ್ನ ಟೈರ್ ತಿಂದದ್ದು ಇದೇ. ಸ್ಟೀರಿಂಗ್ ನೇರಕ್ಕೆ ಲಾಕ್ ಮಾಡಿಸಿ, ಎರಡೂ ಕಡೆಯ ರಾಡ್ ಹೊಂದಿಸಲು ಹೇಳಿ. ಒಂದೇ ಕಡೆ ತಿರುಗಿಸಿದರೆ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ.

ಚಕ್ರದ ತಲೆ ಒಳಕ್ಕೆ ವಾಲುವ ನೆಗೆಟಿವ್ ಕ್ಯಾಂಬರ್ ಸ್ವಲ್ಪ ಬಂದೇ ಬರುತ್ತದೆ, 30 ಮಿ.ಮೀ.ಗೆ ಅದು ದೊಡ್ಡದಲ್ಲ. ಎಡಕ್ಕೂ ಬಲಕ್ಕೂ ತುಂಬಾ ವ್ಯತ್ಯಾಸವಿದ್ದರೆ ಸ್ಟ್ರಟ್‌ಗೆ (ಸ್ಪ್ರಿಂಗ್ ಕೂರುವ ಶಾಕ್ ಅಬ್ಸಾರ್ಬರ್ ಕಂಬ) ಈ ವಾಲು ಹೊಂದಿಸುವ ಕ್ಯಾಂಬರ್ ಬೋಲ್ಟ್ ಹಾಕಿಸಿ, ಬಳಿಕ ಟೋ ಮತ್ತೆ ಹಿಡಿಸಿ.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರಿನ ಮೇಲೆ ಅಡ್ಡಲಾಗಿ ಅಂಗೈ ಸವರಿ. ಒಂದು ದಿಕ್ಕಿಗೆ ನುಣುಪು, ತಿರುಗಿ ಬರುವಾಗ ಗರಗಸದ ಹಾಗೆ ತಾಗಿದರೆ ಟೋ ಇನ್ನೂ ಸರಿಯಿಲ್ಲ. ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ನೋಡಿಸಿ.