ಒಂದೇ ದಡದಲ್ಲಿ ಗಾಳವೂ ದುರ್ಬೀನೂ: ನ್ಯೂಯಾರ್ಕ್ ಉದ್ಯಾನಗಳ ಬೇಸಿಗೆ ಇಂಟರ್ನ್‌ಗಳಿಗೆ ಕೈಪಿಡಿ

ಅಮೆರಿಕದ ಅನೇಕ ನಗರಗಳಲ್ಲಿ ಉದ್ಯಾನಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಬೇಸಿಗೆ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ತೆಗೆದುಕೊಂಡು, ಸುತ್ತಲಿನ ಬಡಾವಣೆಗಳ ಮಕ್ಕಳಿಗೂ ಹಿರಿಯರಿಗೂ ಗಾಳ ಹಾಕುವುದನ್ನು, ಹಕ್ಕಿ ಗುರುತಿಸುವುದನ್ನು ಕಲಿಸುವ ಕೆಲಸ ಒಪ್ಪಿಸುತ್ತವೆ. ಅಲ್ಲಿ ಪರಿಸರ ವಿಜ್ಞಾನವನ್ನೋ ಜೀವಶಾಸ್ತ್ರವನ್ನೋ ಓದುತ್ತಿರುವ ಕನ್ನಡದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅವಕಾಶ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ ಇಲ್ಲಿ ನ್ಯೂಯಾರ್ಕ್ ನಗರವನ್ನು, ಅದರಲ್ಲೂ ಸೆಂಟ್ರಲ್ ಪಾರ್ಕಿನ ಹಾರ್ಲೆಮ್ ಮೀರ್ ಎಂಬ ಕೆರೆ ಮತ್ತು ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕಿನ ಕೆರೆಯನ್ನು, ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಅರ್ಜಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೇಸಿಗೆಯ ನೇಮಕಾತಿ ಬಹುಮಟ್ಟಿಗೆ ಚಳಿಗಾಲದಲ್ಲೇ ಶುರುವಾಗುವುದರಿಂದ ಮೇ ತಿಂಗಳವರೆಗೆ ಕಾಯಬಾರದು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಕ್ಯಾಂಪಸ್ಸಿನ ಹೊರಗೆ ಇಂಥ ಕೆಲಸಕ್ಕೆ ಸೇರುವುದಾದರೆ, ಅದು ಓದಿಗೆ ಸಂಬಂಧಪಟ್ಟಿದೆ ಎಂದು ವಿಶ್ವವಿದ್ಯಾಲಯದಿಂದ ಸಿಪಿಟಿ (ಪಠ್ಯಕ್ರಮದ ಭಾಗವಾದ ಪ್ರಾಯೋಗಿಕ ತರಬೇತಿ) ಅನುಮತಿಯನ್ನು ಕೆಲಸದ ಮೊದಲ ದಿನಕ್ಕಿಂತ ಮುಂಚೆಯೇ ಪಡೆದಿರಬೇಕು. ಅರ್ಜಿಯಲ್ಲಿ ಎಷ್ಟು ಹಕ್ಕಿಗಳ ಹೆಸರು ಗೊತ್ತು ಎಂಬುದಕ್ಕಿಂತ, ಗಲಾಟೆ ಮಾಡುವ ಮಕ್ಕಳ ಗುಂಪನ್ನು ಸಂಭಾಳಿಸಿದ ಅನುಭವ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಸೇರಿದ ಮೇಲೆ ಮೊದಲು ಬಾಯಿಪಾಠವಾಗಬೇಕಾದದ್ದು ನಿಯಮಗಳು. ನಗರದ ಉದ್ಯಾನಗಳ ಸಿಹಿನೀರಿನ ಕೆರೆಗಳಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಗಾಳಕ್ಕೆ ಹಿಂಮುಳ್ಳು, ಅಂದರೆ ತುದಿಯ ಹತ್ತಿರ ಹಿಮ್ಮುಖವಾಗಿ ಚಾಚಿದ ಕಿರುಮುಳ್ಳು, ಇರಬಾರದು. ಇದ್ದರೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ದಾರವನ್ನು ಮುಳುಗಿಸಲು ಸೀಸದ ಗುಂಡುಗಳನ್ನು ಬಳಸುವಂತಿಲ್ಲ. ಅರ್ಧ ಔನ್ಸ್ ಮತ್ತು ಅದಕ್ಕಿಂತ ಕಡಿಮೆ ತೂಕದ ಸೀಸದ ಗುಂಡುಗಳ ಮಾರಾಟವನ್ನು ನ್ಯೂಯಾರ್ಕ್ ರಾಜ್ಯ 2004ರಲ್ಲೇ ನಿಷೇಧಿಸಿತು. ನೀರಹಕ್ಕಿಗಳು ಅವನ್ನು ನುಂಗಿ ವಿಷವೇರಿ ಸಾಯುತ್ತವೆ ಎಂಬುದೇ ಅದಕ್ಕೆ ಕಾರಣ. 16 ವರ್ಷ ತುಂಬಿದವರಿಗೆ ಸಿಹಿನೀರಿನಲ್ಲಿ ಗಾಳ ಹಾಕಲು ಪರವಾನಗಿ ಬೇಕು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ಮಾನ್ಯ ಮಾಡಿದ ಉಚಿತ ಶಿಬಿರಗಳಲ್ಲಿ ಭಾಗವಹಿಸುವವರಿಗೆ ವಿನಾಯಿತಿ ಇರುತ್ತದೆ. ನಿಮ್ಮ ಶಿಬಿರ ಆ ಪಟ್ಟಿಯಲ್ಲಿದೆಯೇ ಎಂದು ಮೇಲಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ. ಮಗುವಿನ ಜೊತೆ ಬಂದ ತಾಯಿ ತಾನೂ ಕೋಲು ಹಿಡಿಯಲು ಕೈ ಚಾಚಿದಾಗ ಉತ್ತರಕ್ಕೆ ತಡಕಾಡುವಂತಾಗಬಾರದು.

ನೀರಿಗೆ ಮರಳಿ ಬಿಡುವ ನಿಯಮಕ್ಕೆ ಒಂದು ಅಪವಾದವಿದೆ. ನಾರ್ದರ್ನ್ ಸ್ನೇಕ್‌ಹೆಡ್ ಎಂಬ ಮೀನು ನಮ್ಮ ಕೆರೆಗಳ ಕೊರವ ಮೀನಿನ ಬಳಗದ್ದು. ಏಷ್ಯಾದಿಂದ ಅಮೆರಿಕಕ್ಕೆ ಬಂದು ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ. 2013ರಲ್ಲಿ ಹಾರ್ಲೆಮ್ ಮೀರ್ ಸುತ್ತ ಇದರ ಬಗ್ಗೆ ಎಚ್ಚರಿಕೆಯ ಫಲಕಗಳನ್ನೇ ಹಾಕಿದ್ದರು. ಗಾಳಕ್ಕೆ ಅದು ಸಿಕ್ಕಿತೆಂದರೆ ನೀರಿಗೆ ಬಿಡದೆ ಇಲಾಖೆಗೆ ತಿಳಿಸಬೇಕು.

ಇನ್ನು ಶಿಬಿರದ ವಿಚಾರ. ಮೀನಿನವರನ್ನು ಒಂದು ದಿನ, ಹಕ್ಕಿಯವರನ್ನು ಇನ್ನೊಂದು ದಿನ ಕರೆಯುವುದು ಆಯೋಜಕರಿಗೆ ಸುಲಭ. ಅನೇಕ ಕಡೆ ಹಾಗೇ ಮಾಡುತ್ತಾರೆ. ನನ್ನ ಸಲಹೆ ಎರಡನ್ನೂ ಒಂದೇ ದಡದಲ್ಲಿ, ಒಂದೇ ಹೊತ್ತಿಗೆ ನಡೆಸಬೇಕೆಂಬುದು. ಗಾಳ ಹಾಕಿದವನಿಗೆ ಕಾಯುವುದೇ ಮುಕ್ಕಾಲು ಕೆಲಸ. ಆ ಬಿಡುವನ್ನು ಹಕ್ಕಿಗಳು ತುಂಬುತ್ತವೆ. ಅಷ್ಟೇ ಮುಖ್ಯವಾಗಿ, ದಡದಲ್ಲಿ ಬಿಟ್ಟುಹೋದ ತಂಗೂಸಿ ದಾರ ಬಕದ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂಬುದನ್ನು, ಬಕವನ್ನು ಕಣ್ಣಾರೆ ನೋಡಿದವನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಕೈಗೆ ಗಾಳವಿರುವ ಕೋಲನ್ನು ಮೊದಲೇ ಕೊಡಬೇಡಿ. ತುದಿಗೆ ರಬ್ಬರಿನ ಗುಂಡು ಕಟ್ಟಿದ ಕೋಲಿನಿಂದ ಹುಲ್ಲಿನ ಮೇಲೆ ಎಸೆಯುವ ಅಭ್ಯಾಸ ಮಾಡಿಸಿ, ಎಸೆಯುವ ಮುನ್ನ ತಿರುಗಿ ಹಿಂದೆ ನೋಡುವುದು ರೂಢಿಯಾದ ಮೇಲಷ್ಟೇ ನೀರಿನ ಹತ್ತಿರ ಕರೆದೊಯ್ಯಿರಿ. ಚಿಕ್ಕ ಮಕ್ಕಳಿಗೆ ರೀಲು ಇಲ್ಲದ ಬಿದಿರಿನ ಕೋಲೇ ವಾಸಿ: ದಾರ ಸಿಕ್ಕಾಗುವುದಿಲ್ಲ, ಬೀಸಿ ಎಸೆಯುವ ಆಸೆಯೂ ಹುಟ್ಟುವುದಿಲ್ಲ. ಎರೆಹುಳುವನ್ನು ಮುಟ್ಟಲು ಹಿಂಜರಿಯುವ ಮನೆಯವರಿಗೆ, ಮುಖ್ಯವಾಗಿ ಸಸ್ಯಾಹಾರಿ ಕುಟುಂಬಗಳಿಗೆ, ಡಬ್ಬಿಯ ಮೆಕ್ಕೆಜೋಳದ ಕಾಳನ್ನೋ ಉಂಡೆ ಕಟ್ಟಿದ ಬ್ರೆಡ್ಡನ್ನೋ ಕೊಡಿ. ಬ್ಲೂಗಿಲ್ ಎಂಬ ಅಲ್ಲಿನ ಸಣ್ಣ ಸಿಹಿನೀರಿನ ಮೀನು ಎರಡಕ್ಕೂ ಬಾಯಿ ಹಾಕುತ್ತದೆ.

ಬೇಸಿಗೆಯ ಮೊದಲ ವಾರಗಳಲ್ಲಿ ಸಿಗುವುದು ಹೆಚ್ಚಾಗಿ ಈ ಬ್ಲೂಗಿಲ್ಲೇ. ಬೆಂಡು ಎರಡು ಸಲ ಕುಣಿದು ಪಕ್ಕಕ್ಕೆ ಸರಿದು ಮುಳುಗಿದಾಗ ಮಗು ಕೋಲನ್ನು ತಲೆಯ ಮೇಲಕ್ಕೆ ಎಳೆಯುತ್ತದೆ, ಅಂಗೈ ಅಗಲದ ಮೀನು ಗಾಳಿಯಲ್ಲಿ ತೂಗಾಡುತ್ತದೆ, ಸುತ್ತಲಿದ್ದವರೆಲ್ಲ ಕೂಗುತ್ತಾರೆ. ಆಗ ನೀವು ದಾರವನ್ನು ಹಿಡಿದು ಮೀನನ್ನು ನಿಲ್ಲಿಸಿ, ಕೈಯನ್ನು ಕೆರೆಯ ನೀರಿನಲ್ಲಿ ಅದ್ದಿಕೊಳ್ಳಬೇಕು. ಒಣಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬಂದು ರೋಗಕ್ಕೆ ದಾರಿಯಾಗುತ್ತದೆ. ಬೆನ್ನಿನ ರೆಕ್ಕೆಯಲ್ಲಿ ಚೂಪು ಮುಳ್ಳುಗಳಿರುವುದರಿಂದ ತಲೆಯ ಕಡೆಯಿಂದ ಬಾಲದ ಕಡೆಗೆ ಕೈ ಜಾರಿಸಿ, ಮುಳ್ಳುಗಳನ್ನು ಮಡಿಸುತ್ತ ಹಿಡಿಯಬೇಕು. ಹಿಂಮುಳ್ಳು ಇಲ್ಲದ ಗಾಳ ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಮೀನು ಅದನ್ನು ನುಂಗಿಬಿಟ್ಟಿದ್ದರೆ ಎಳೆದಾಡದೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡುವುದೇ ಮೇಲು. ಫೋಟೋ ಬೇಕೆನ್ನುವ ಅಪ್ಪಂದಿರು ಫೋನನ್ನು ಮೊದಲೇ ತೆಗೆದಿಟ್ಟುಕೊಂಡಿರಲಿ.

ಹಕ್ಕಿಗಳ ವಿಷಯದಲ್ಲಿ ನಿರೀಕ್ಷೆಯನ್ನು ತಗ್ಗಿಸಿಕೊಳ್ಳಿ. ಸೆಂಟ್ರಲ್ ಪಾರ್ಕಿಗೆ ಹೆಸರು ತಂದ ವಲಸೆಯ ಗದ್ದಲ ಮೇ ತಿಂಗಳಿಗೇ ಮುಗಿದಿರುತ್ತದೆ. ಜುಲೈ ಮಧ್ಯಾಹ್ನದ ಬಿಸಿಲಿಗೆ ಮರದ ಹಕ್ಕಿಗಳು ದನಿ ಎತ್ತುವುದಿಲ್ಲ. ಆದ್ದರಿಂದ ನೀರಿನ ಹಕ್ಕಿಗಳನ್ನೇ ನೆಚ್ಚಿಕೊಳ್ಳಬೇಕು. ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ದೊಡ್ಡ ಬೆಳ್ಳಕ್ಕಿ, ಬಗ್ಗಿದ ಕೊಂಬೆಯ ಮೇಲೆ ಕುತ್ತಿಗೆ ಹುದುಗಿಸಿ ಕೂತ ಇರುಳು ಬಕ ಇವು ಹೊಸಬರಿಗೂ ಸುಲಭವಾಗಿ ಕಾಣುತ್ತವೆ. ರಂಗನತಿಟ್ಟಿನಲ್ಲಿ ಇರುಳು ಬಕವನ್ನು ನೋಡಿದವರಿಗೆ ಇಲ್ಲಿ ಹಳೆಯ ಪರಿಚಯದವರು ಸಿಕ್ಕಂತಾಗುತ್ತದೆ. ಜುಲೈಯಲ್ಲಿ ಗಂಡು ಮಲ್ಲಾರ್ಡ್ ಬಾತು ಪುಕ್ಕ ಉದುರಿಸಿ ಹೆಣ್ಣಿನಂತೆಯೇ ಕಾಣುವುದರಿಂದ, ‘ಗಂಡು ಬಾತುಗಳೆಲ್ಲ ಎಲ್ಲಿ ಹೋದವು’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಆಗ ಗಂಡಿನ ಕೊಕ್ಕಿನ ಹಳದಿ ಬಣ್ಣವನ್ನು ತೋರಿಸಿ.

ದುರ್ಬೀನು 8×42 ಅಳತೆಯದಾದರೆ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂದಿನ ಮಸೂರವಿರುವಂಥದ್ದು) ಸಾಕು. ಚಿಕ್ಕವರಿಗೆ ಅದಕ್ಕಿಂತ ಹಗುರವಾದದ್ದು ಇರಲಿ. ಹಕ್ಕಿಯನ್ನು ಬರಿಗಣ್ಣಿನಿಂದ ದಿಟ್ಟಿಸಿ, ಆ ನೋಟವನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದನ್ನು ಆಚೆ ದಡದ ಫಲಕವೊಂದರ ಮೇಲೆ ಅಭ್ಯಾಸ ಮಾಡಿಸಿ. ಕನ್ನಡಕ ಹಾಕಿದವರಿಗೆ ಕಣ್ಣುಬಟ್ಟಲನ್ನು, ಅಂದರೆ ಕಣ್ಣಿಗೆ ಒತ್ತಿಕೊಳ್ಳುವ ಕಡೆಯ ಅಂಚನ್ನು, ಒಳಕ್ಕೆ ತಿರುಗಿಸಿಕೊಡಿ. ಮಕ್ಕಳು ಬಿದ್ದ ಗರಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ; 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಅಲ್ಲಿನ ಬಹುತೇಕ ಹಕ್ಕಿಗಳ ಗರಿಯನ್ನು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ನೋಡಿ ಅಲ್ಲೇ ಬಿಡಿಸಬೇಕು. ಟೋಪಿಗಳ ಅಲಂಕಾರಕ್ಕೆಂದು ಬೆಳ್ಳಕ್ಕಿಗಳನ್ನು ಕೊಲ್ಲುತ್ತಿದ್ದ ಕಾಲದ ಕಥೆ ಹೇಳಿದರೆ ಮಕ್ಕಳು ಮುನಿಸಿಕೊಳ್ಳದೆ ಒಪ್ಪುತ್ತಾರೆ.

ದಾರಕ್ಕೆ ಸಿಕ್ಕಿದ ಹಕ್ಕಿ ಎದುರಾದರೆ ದಾರವನ್ನು ಕತ್ತರಿಸಿ ಹಾರಲು ಬಿಡಬೇಡಿ. ಉಳಿದ ದಾರ ಯಾವುದಾದರೂ ಕೊಂಬೆಗೆ ತೊಡರಿದರೆ ಹಕ್ಕಿ ಅಲ್ಲೇ ನೇತಾಡಿ ಸಾಯುತ್ತದೆ. ಮೊದಲು ಮೇಲಧಿಕಾರಿಯನ್ನು ಕರೆಯಿರಿ. ಮೆಲ್ಲಗೆ ಹತ್ತಿರಕ್ಕೆಳೆದು ತಲೆಯ ಮೇಲೆ ಟವಲು ಹೊದಿಸಿದರೆ ಅದು ಶಾಂತವಾಗುತ್ತದೆ. ಬಕ ನೇರವಾಗಿ ಕಣ್ಣಿಗೇ ಕುಕ್ಕುತ್ತದೆ, ಆದ್ದರಿಂದ ಮುಖವನ್ನು ದೂರವಿಡಿ. ಮ್ಯಾನ್‌ಹಟನ್‌ನಲ್ಲಿ ಗಾಯಗೊಂಡ ಹಕ್ಕಿಗಳಿಗೆ ವೈಲ್ಡ್ ಬರ್ಡ್ ಫಂಡ್ ಎಂಬ ಚಿಕಿತ್ಸಾಲಯವಿದೆ. ಅದರ ಸಂಪರ್ಕ ನಿಮ್ಮ ಫೋನಿನಲ್ಲಿರಲಿ.

ಗುಡುಗು ಕೇಳಿಸಿದ ಕೂಡಲೇ ಕೋಲುಗಳನ್ನು ಕೆಳಗಿಡಿಸಿ ಎಲ್ಲರನ್ನೂ ಕಟ್ಟಡದೊಳಗೆ ಕಳಿಸಿ. ಗ್ರಾಫೈಟ್ ಕೋಲು ವಿದ್ಯುತ್ ಹರಿಸುತ್ತದೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ದಡಕ್ಕೆ ಮರಳಬಾರದು. ಶಿಬಿರ ಮುಗಿದಾಗ ಕೊಟ್ಟ ಗಾಳಗಳನ್ನು ಒಂದೊಂದಾಗಿ ಎಣಿಸಿ ವಾಪಸು ಪಡೆಯಿರಿ. ಲೆಕ್ಕ ತಪ್ಪಿದರೆ ಹುಲ್ಲಿನಲ್ಲಿ ಹುಡುಕದೆ ಹೊರಡಬೇಡಿ. ಹೆಕ್ಕಿದ ದಾರವನ್ನು ತುಂಡು ತುಂಡಾಗಿ ಕತ್ತರಿಸಿ ಮುಚ್ಚಳವಿರುವ ಡಬ್ಬಿಗೆ ಹಾಕಿ. ನೋಡಿದ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ವೀಕ್ಷಕರ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಿ, ಬಂದವರ ಸಂಖ್ಯೆಯನ್ನೂ ಸಿಕ್ಕ ಮೀನುಗಳ ಜಾತಿಯನ್ನೂ ಅದೇ ಸಂಜೆ ಬರೆದಿಡಿ. ಮುಂದಿನ ಬೇಸಿಗೆಗೆ ಹಣ ಕೇಳುವವರು ಮೊದಲು ತೆರೆಯುವುದು ಆ ಪುಟವನ್ನೇ.