ಹಾಲು ಬಿಡಿಸುವ ಮೊದಲು ಗಂಗಾಳ ಕೊಟ್ಟೆ

ಎದೆಹಾಲು ಬಿಡಿಸಬೇಕು ಅಂದ ಕೂಡಲೇ ನಮ್ಮ ಕಡೆ ಮೊದಲು ಬರುವ ಮಾತು ಬೇವಿನ ಸೊಪ್ಪು. ಅರೆದು ಎದೆಗೆ ಹಚ್ಚಿಕೋ, ಮಗು ಎರಡು ದಿನ ಅತ್ತು ಬಿಡುತ್ತದೆ ಅಂತಾರೆ. ಇಲ್ಲಾಂದ್ರೆ ಮಗುವನ್ನು ಅಜ್ಜಿ ಊರಿಗೆ ಕಳಿಸಿಬಿಡುತ್ತಾರೆ. ನನಗೆ ಎರಡೂ ಬೇಡವಾಗಿತ್ತು. ಹೆದರಿದಾಗ, ನಿದ್ದೆ ಬಂದಾಗ, ಬಿದ್ದು ಪೆಟ್ಟಾದಾಗ ಮಗಳು ಓಡಿ ಬರುತ್ತಿದ್ದದ್ದು ಅಲ್ಲಿಗೇ ಅಲ್ವಾ? ಅದನ್ನೇ ಕಹಿ ಮಾಡಲು ಮನಸ್ಸು ಬರಲಿಲ್ಲ. ಮೊದಲು ತನ್ನ ಕೈಯಿಂದ ಉಣ್ಣುವುದನ್ನು ಕಲಿಯಲಿ, ಹೊಟ್ಟೆ ತುಂಬಿದ ಹಾಗೆ ಹಾಲು ಕಡಿಮೆ ಮಾಡಿದರಾಯಿತು ಅಂದುಕೊಂಡೆ.

ಅವಸರವೇನೂ ಇರಲಿಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಜಾಸ್ತಿ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇನ್ನು ಗಂಗಾವತಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ಆ ಬಿಸಿಲಲ್ಲಿ ಮಗುವಿಗೆ ಭೇದಿ ಶುರುವಾದರೆ ಮೈಯಲ್ಲಿನ ನೀರು ಬೇಗ ಇಳಿಯುತ್ತದೆ. ಊಟ ಸೇರದ ಹೊತ್ತಿನಲ್ಲಿ ಎದೆಹಾಲೇ ದೊಡ್ಡ ಆಸರೆ. ಅದಕ್ಕೇ ಬೇಸಿಗೆ ದಾಟಿಸಿ, ದಸರಾ ಆದ ಮೇಲೆ ಕೈ ಹಾಕಿದೆ. ಆಗ ಅವಳಿಗೆ 2 ವರ್ಷ ಹತ್ತಿರವಾಗಿತ್ತು.

ಊಟಕ್ಕೆ ಅಂಚು ಎತ್ತರವಿರುವ ಗಂಗಾಳ ಕೊಟ್ಟೆ. ತಟ್ಟೆಯಾದರೆ ಅನ್ನ ತಳ್ಳಿದ ಕೂಡಲೇ ಹೊರಗೆ ಬೀಳುತ್ತದೆ. ಗಂಗಾಳದಲ್ಲಿ ಅಂಚಿಗೆ ಒತ್ತಿ ಹಿಡಿಯಬಹುದು. ಭಾರವೂ ಇರುವುದರಿಂದ ಜಾರುವುದಿಲ್ಲ. ಕೆಳಗೆ ಹಳೇ ಸೀರೆ ಹಾಸಿದೆ. ಅನ್ನ-ಬೇಳೆ ಗಟ್ಟಿಯಾಗಿ ಕಲಸಿದರೆ ಮಾತ್ರ ಪುಟ್ಟ ಕೈಯಲ್ಲಿ ನಿಲ್ಲುತ್ತದೆ. ತೆಳ್ಳಗಾದರೆ ಬೆರಳ ಸಂದಿಯಲ್ಲೇ ಸೋರಿ ಮಗು ಬೇಸತ್ತುಬಿಡುತ್ತದೆ. ಬಿಸಿ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ತುಪ್ಪ ಹಾಕಿದ್ದು, ಬೇಯಿಸಿದ ಗೆಣಸು, ಇಡ್ಲಿ ಚೂರು, ಬಾಳೆಹಣ್ಣು, ಖಾರ ಹಾಕದ ಪುಂಡಿಪಲ್ಯ ಅವಳಿಗೆ ಸೇರಿದವು. ಶೇಂಗಾ ಮಾತ್ರ ಪುಡಿ ಮಾಡಿಯೇ ಹಾಕುತ್ತಿದ್ದೆ. ಇಡೀ ಶೇಂಗಾ, ಪುಠಾಣಿ (ಹುರಿಗಡಲೆ), ಕತ್ತರಿಸದ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಉಣ್ಣುವಾಗ ಯಾರಾದರೂ ಪಕ್ಕದಲ್ಲಿ ಕೂತಿರಲೇಬೇಕು.

ಇದರಲ್ಲಿ ನನಗೆ ದೊಡ್ಡ ಬಲ ನಮ್ಮ ಅತ್ತೆ. "ಚೆಲ್ಲಿದ್ರ ಚೆಲ್ಲಲಿ ಬಿಡವಾ, ಬಳಿದ್ರಾತು" ಅಂದರು. ಅನ್ನವನ್ನು ಸಣ್ಣ ಸಣ್ಣ ಉಂಡೆ ಮಾಡಿ ಗಂಗಾಳದ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಮಗಳು ಒಂದೊಂದೇ ಎತ್ತಿ ಬಾಯಿಗೆ ಹಾಕುವಳು. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಮ್ಮ ಕೈಯಲ್ಲಿ. ಎಷ್ಟು ಉಣ್ಣಬೇಕು ಅನ್ನುವುದು ಅವಳಿಗೆ ಬಿಟ್ಟದ್ದು. ಮೊಬೈಲ್ ತೋರಿಸಿ ತುರುಕುವುದು ಮನೆಯಲ್ಲಿ ಯಾರಿಗೂ ಬೇಡವಾಗಿತ್ತು. ಎಡಗೈಯಲ್ಲಿ ಎತ್ತಿದರೆ ಬಂದವರು ಗದರುತ್ತಿದ್ದರು. ಈ ವಯಸ್ಸಿನಲ್ಲಿ ಎಡಗೈಯೋ ಬಲಗೈಯೋ ಅನ್ನುವುದು ಇನ್ನೂ ಗಟ್ಟಿಯಾಗಿ ನಿಂತಿರುವುದಿಲ್ಲ. ಸುಮ್ನೆ ಬಿಡಿ ಅಂತ ಹೇಳುತ್ತಿದ್ದೆ.

ಊಟ ಒಂದು ದಾರಿಗೆ ಬಂದ ಮೇಲೆ ಹಗಲಿನ ಹಾಲು ಒಂದೊಂದೇ ಹೊತ್ತು ಕಡಿಮೆ ಮಾಡಿದೆ. ನಾನಾಗಿ ಕೊಡಲು ಹೋಗಲಿಲ್ಲ, ಕೇಳಿದರೆ ಇಲ್ಲವೆನ್ನಲಿಲ್ಲ. ಬೇಜಾರಿಗೆ ಕೇಳುವ ಹಾಲು ಮೊದಲು ಹೋಯಿತು. ನಾನು ಕೂತು ಹಾಲುಣಿಸುತ್ತಿದ್ದ ಮೂಲೆಯಲ್ಲಿ ಕೂರುವುದನ್ನೇ ಬಿಟ್ಟೆ. ಅಷ್ಟರಿಂದಲೇ ಅರ್ಧ ಬೇಡಿಕೆ ಇಳಿಯಿತು. ನಡುವೆ ನೆಗಡಿ ಜ್ವರ ಬಂದಾಗ ಕೇಳಿದಷ್ಟು ಕೊಟ್ಟೆ, ವಾಸಿಯಾದ ಮೇಲೆ ಮತ್ತೆ ಕಡಿಮೆ ಮಾಡಿದೆ.

ರಾತ್ರಿ ಹಾಲು ಕೊನೆಗೆ. ಅದು ನಿಜಕ್ಕೂ ಕಷ್ಟ. ಮಲಗುವ ಮುಂಚೆ ಹೊಟ್ಟೆ ತುಂಬ ಉಣಿಸಿ, ಅವಳ ಅಪ್ಪನ ಪಕ್ಕ ಮಲಗಿಸಿದೆವು. ಎದ್ದರೆ ಅವರು ಲೋಟದಲ್ಲಿ ನೀರು ಕೊಟ್ಟು ಬೆನ್ನು ತಟ್ಟುತ್ತಿದ್ದರು. ಅಳು ನಿಲ್ಲದಿದ್ದರೆ ನಾನು ಎತ್ತಿ ಅಪ್ಪಿಕೊಳ್ಳುತ್ತಿದ್ದೆ. ಹಾಲು ಬಿಡಿಸುವುದು ಅಂದರೆ ಅಪ್ಪುಗೆ ಬಿಡಿಸುವುದಲ್ಲ. ಆ ದಿನಗಳಲ್ಲಿ ಅವಳನ್ನು ಮೊದಲಿಗಿಂತ ಜಾಸ್ತಿ ಎತ್ತಿಕೊಂಡಿದ್ದೇನೆ.

ಎದೆಹಾಲು ನಿಂತಿತು ಅಂತ ಬಾಟಲಿ ತುಂಬ ಎಮ್ಮೆ ಹಾಲು ಕೊಡಬೇಡಿ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಹೊಟ್ಟೆ ಅದರಲ್ಲೇ ತುಂಬಿ ಊಟ ಹೋಗುವುದಿಲ್ಲ, ಕಬ್ಬಿಣದ ಅಂಶವೂ ಕಡಿಮೆಯಾಗಿ ರಕ್ತಹೀನತೆ ಬರಬಹುದು. ನಾವು ಲೋಟದಲ್ಲೇ ಸ್ವಲ್ಪ ಕೊಟ್ಟೆವು. ತೂಕವನ್ನು ಅಂಗನವಾಡಿಯಲ್ಲಿ ತೂಗಿಸುತ್ತಿದ್ದೆ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ಸೊರಗಿದಳು ಅನ್ನುವವರಿಗೆ ತೂಕದ ಚಾರ್ಟಿನಲ್ಲಿರುವ ಬೆಳವಣಿಗೆಯ ಗೆರೆಯೇ ಉತ್ತರ.

ತಾಯಿಯ ಮೈಯನ್ನೂ ನೋಡಿಕೊಳ್ಳಬೇಕು. ಎದೆ ಭಾರವಾದಾಗ ನೋವು ತಗ್ಗುವಷ್ಟು ಮಾತ್ರ ಹಾಲು ಹಿಂಡಿ ತೆಗೆಯುತ್ತಿದ್ದೆ, ತಣ್ಣೀರ ಬಟ್ಟೆ ಇಡುತ್ತಿದ್ದೆ. ಪೂರ್ತಿ ಹಿಂಡಿದರೆ ಮತ್ತೆ ಅಷ್ಟೇ ಹಾಲು ಕಟ್ಟುತ್ತದೆ. ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಳ್ಳುವುದು ಬೇಡ, ಅದರಿಂದ ಹಾಲು ಗಡ್ಡೆ ಕಟ್ಟಬಹುದು. ಎದೆ ಕೆಂಪಾಗಿ, ನೋವಿನ ಜೊತೆ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮಗು ಕುಡಿಯುವುದು ನಿಂತ ಮೇಲೂ ಕೆಲವು ವಾರ ಒಂದೆರಡು ಹನಿ ಹಾಲು ಬರುತ್ತಿರುತ್ತದೆ, ಅದಕ್ಕೆ ಗಾಬರಿ ಬೇಡ.