ನಂದಿ ಬೆಟ್ಟದ ಬುಡದ ದ್ರಾಕ್ಷಿ ತೋಟದಲ್ಲಿ ಮದುವೆ ಫೋಟೋ ತೆಗೆದ ಅನುಭವ

ಧನುರ್ಮಾಸಕ್ಕೆ ಮುಂಚಿನ ಕೊನೆಯ ಲಗ್ನಗಳಲ್ಲಿ ಅದೂ ಒಂದು. ಡಿಸೆಂಬರ್ ಮೊದಲ ವಾರ. ಹುಡುಗಿ ಮನೆಯವರು ಬೆಂಗಳೂರಿನವರು, ಮದುವೆ ಮಾತ್ರ ಚಿಕ್ಕಬಳ್ಳಾಪುರದ ಹತ್ತಿರ, ನಂದಿ ಗ್ರಾಮದ ಪಕ್ಕದ ಒಂದು ದ್ರಾಕ್ಷಿ ತೋಟದಲ್ಲಿ. ಕಲ್ಯಾಣ ಮಂಟಪದಲ್ಲಾದರೆ ಬೆಳಕು ನಾವು ಹಾಕಿದ ಹಾಗಿರುತ್ತದೆ. ತೋಟದಲ್ಲಿ ಗಂಟೆಗೊಂದು ಥರ.

ಹಿಂದಿನ ವರ್ಷ ಬೇರೊಂದು ತೋಟದಲ್ಲಿ ನನಗೆ ಪೆಟ್ಟು ಬಿದ್ದಿತ್ತು. ಮಂಟಪದ ಮೇಲೆ ಗುಲಾಬಿ ಬಣ್ಣದ ಬಟ್ಟೆ ಕಟ್ಟಿದ್ದರು. ಬಿಸಿಲು ಅದರೊಳಗಿಂದ ಇಳಿದು ಎಲ್ಲರ ಮುಖವೂ ಗುಲಾಬಿಯಾಯಿತು. ಮುಖ ಸರಿ ಮಾಡಿದರೆ ಹಿಂದಿನ ಗಿಡಮರದ ಬಣ್ಣ ಕೆಡುತ್ತಿತ್ತು. ಬೇರೆ ದಾರಿ ಕಾಣದೆ ತಾಳಿ ಕಟ್ಟುವ ಫೋಟೋಗಳನ್ನು ಕಪ್ಪು ಬಿಳುಪಿನಲ್ಲಿ ಕೊಟ್ಟೆ. ಹುಡುಗಿಯ ತಾಯಿ ಆಲ್ಬಂ ತಿರುವಿ, "ಧಾರೆ ಸೀರೆ ಬಣ್ಣಾನೇ ಕಾಣಲ್ವಲ್ಲಪ್ಪಾ" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಹಾಗಾಗಿ ಈ ಸಲ ಒಂದು ದಿನ ಮುಂಚೆಯೇ ಹೋದೆ. ಮುಹೂರ್ತ ಬೆಳಗ್ಗೆ 7.40ಕ್ಕೆ. ಹಿಂದಿನ ದಿನ ಅದೇ ಹೊತ್ತಿಗೆ ಮಂಟಪ ಹಾಕುವ ಜಾಗದಲ್ಲಿ ನಿಂತು ನೋಡಿದೆ. ಏಳೂವರೆ ತನಕ ದಟ್ಟ ಮಂಜು. ಆಮೇಲೆ ಹತ್ತೇ ನಿಮಿಷದಲ್ಲಿ ಬಿಸಿಲು ನೇರ ಕಣ್ಣಿಗೆ. ಮಂಟಪ ಪೂರ್ವಕ್ಕೆ ಮುಖ ಮಾಡಿರಬೇಕು, ಅದನ್ನು ತಿರುಗಿಸಿ ಅಂತ ಫೋಟೋಗ್ರಾಫರ್ ಕೇಳಬಾರದು. ಆದರೆ ಸರಿಸಿ ಅಂತ ಕೇಳಬಹುದು. ಪೂರ್ವಕ್ಕೆ ಒಂದು ದೊಡ್ಡ ಮಾವಿನ ಮರ ಇತ್ತು. ಹದಿನೈದು ಹೆಜ್ಜೆ ಪಕ್ಕಕ್ಕೆ ಬಂದರೆ ಮಂಟಪ ಪೂರ್ತಿ ಅದರ ನೆರಳಿಗೆ ಸೇರುತ್ತಿತ್ತು. ಶಾಮಿಯಾನದವರನ್ನು "ಅಣ್ಣಾ, ಗೂಟ ಇನ್ನೂ ಹೊಡೆದಿಲ್ಲ ಅಲ್ವಾ?" ಅಂತ ಕೇಳಿ, ಯಜಮಾನರನ್ನೂ ಒಪ್ಪಿಸಿದೆ. ಮೇಲಿನ ಬಟ್ಟೆ ಬಿಳಿಯದೇ ಬೇಕು ಅಂತ ಕೈಮುಗಿದು ಕೇಳಿದೆ. ಬಣ್ಣ ಬೇಕಿದ್ದರೆ ಹಿಂದಿನ ಪರದೆಗೆ, ಕಂಬಕ್ಕೆ ಹಾಕಲಿ. ನೆತ್ತಿಯ ಮೇಲೆ ಮಾತ್ರ ಬೇಡ.

ಸಂಜೆ ಪುರೋಹಿತರ ಹತ್ತಿರ ಕೂತೆ. "ಗಟ್ಟಿಮೇಳ ಅನ್ನೋಕೆ ಮುಂಚೆ ಒಂದ್ಸಲ ಈ ಕಡೆ ನೋಡ್ತೀರಾ ಸ್ವಾಮಿ?" ಅಂದೆ. "ನೋಡ್ತೀನಪ್ಪಾ. ನೀನು ಚಪ್ಪಲಿ ಬಿಟ್ಟು ಬಾ, ಹೋಮಕ್ಕೂ ನನಗೂ ಮಧ್ಯೆ ನಿಲ್ಲಬೇಡ" ಅಂದರು. ಅಷ್ಟೇ ಒಪ್ಪಂದ. ಇಬ್ಬರೂ ಉಳಿಸಿಕೊಂಡೆವು.

ಮುಹೂರ್ತದ ಹೊತ್ತಿಗೆ ಷಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/250 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8 ಅಂತ ನಿಲ್ಲಿಸಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಐಎಸ್‌ಓ ಒಂದನ್ನು ಆಟೋಗೆ ಬಿಟ್ಟೆ. ಮಂಜು ಕರಗುತ್ತಾ ಅದು 1600ರಿಂದ 200ಕ್ಕೆ ತಾನೇ ಇಳಿಯಿತು. ಪ್ರತಿ ಫೋಟೋ ಎರಡು ಮೆಮೊರಿ ಕಾರ್ಡಿಗೆ ಬೀಳುವ ಹಾಗೆ ಇಟ್ಟಿದ್ದೆ. ಹತ್ತಿರದಿಂದಲೇ ಅಗಲಕ್ಕೆ ತೋರಿಸುವ 35 ಎಂಎಂ ಲೆನ್ಸ್ ಹಿಡಿದು ನಾನು ಮಂಟಪದ ಮೂಲೆಯಲ್ಲಿ ಕೂತೆ. ನನ್ನ ಜೊತೆಯ ಹುಡುಗ ದೂರದ್ದನ್ನು ಹತ್ತಿರ ತೋರಿಸುವ 70-200 ಎಂಎಂ ಲೆನ್ಸ್ ಹಿಡಿದು ದೂರ ನಿಂತ.

ಎಲ್ಲರೂ ತಾಳಿ ಕಟ್ಟುವ ಫೋಟೋವೇ ಮುಖ್ಯ ಅನ್ನುತ್ತಾರೆ. ನನಗೆ ಅಂತರಪಟ ಇಳಿಯುವ ಕ್ಷಣವೇ ದೊಡ್ಡದು. ತಾಳಿ ಕಟ್ಟುವಾಗ ಹುಡುಗಿ ತಲೆ ತಗ್ಗಿಸಿರುತ್ತಾಳೆ, ಸುತ್ತ ಹತ್ತು ಕೈ, ಮೇಲಿಂದ ಅಕ್ಷತೆ. ಅಂತರಪಟ ಇಳಿದಾಗ ಎರಡೂ ಮುಖ ಪೂರ್ತಿ ತೆರೆದಿರುತ್ತವೆ. ಕೈಯಲ್ಲಿ ಜೀರಿಗೆ ಬೆಲ್ಲ, ಕಣ್ಣಲ್ಲಿ ನಾಚಿಕೆ. ಆ ನೋಟ ಮತ್ತೆ ಸಿಗಲ್ಲ. ಅದಕ್ಕೇ ಒಂದು ಕ್ಯಾಮೆರಾ ಹುಡುಗಿ ಮೇಲೆ, ಇನ್ನೊಂದು ಹುಡುಗನ ಮೇಲೆ ಇರಲೇಬೇಕು.

ಊಟ ಆದಮೇಲೆ ಜೋಡಿ ಫೋಟೋ. ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ಹತ್ತಿರ ಬೇಕು ಅಂದರು. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅನುಮತಿ ಇಲ್ಲದೆ ಸ್ಟ್ಯಾಂಡು, ಲೈಟು ಹೊತ್ತುಕೊಂಡು ನುಗ್ಗುವುದು ಸರಿಯಲ್ಲ. ದ್ರಾಕ್ಷಿ ಚಪ್ಪರದ ಕೆಳಗೇ ತೆಗೆಯೋಣ ಅಂದೆ.

ಈ ಕಡೆ ಬೆಂಗಳೂರು ಬ್ಲೂ ಅನ್ನುವ ದ್ರಾಕ್ಷಿ ತಳಿಯ ಬಳ್ಳಿಯನ್ನು ಆಳೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ. ಒಳಗೆ ಬೆಳಕು ತುಂಬಾ ಮೆತ್ತಗೆ, ಆದರೆ ಎಲೆಯೊಳಗಿಂದ ಸೋಸಿ ಬರುವುದರಿಂದ ಚರ್ಮ ಹಸಿರಾಗಿ ಕಾಣುತ್ತದೆ. ಹುಡುಗಿಯ ಸೋದರಮಾವನಿಂದ ಮಡಿಸಿಟ್ಟ ಬಿಳಿ ಪಂಚೆ ಇಸಕೊಂಡೆ. ಸಾಲಿನ ಕೊನೆಯಲ್ಲಿ, ಬಯಲಿನ ಬೆಳಕು ಬೀಳುವ ಕಡೆ, ಇಬ್ಬರು ಅದನ್ನು ಬಿಡಿಸಿ ಹಿಡಿದರು. ಮುಖದ ಹಸಿರು ಹೋಯಿತು. ಬೆಳಕನ್ನು ಮುಖಕ್ಕೆ ತಿರುಗಿಸಲು ಕೊಂಡು ತಂದ ರಿಫ್ಲೆಕ್ಟರ್‌ಗಿಂತ ಪಂಚೆ ದೊಡ್ಡದು, ಬೆಳಕೂ ಮೃದು. ತೋಟದ ಕೆಲಸದವರೊಬ್ಬರು ಓಡಿ ಬಂದು, "ಸೀರೆ ಎಲೆಗೆ ತಾಗಿಸಬೇಡಿ, ಮೊನ್ನೆ ತಾನೇ ಔಷಧಿ ಹೊಡೆದಿದೀವಿ" ಅಂದರು. ನೋಡಿದರೆ ಎಲೆಗಳ ಮೇಲೆ ಮೈಲುತುತ್ತ, ಸುಣ್ಣದ ನೀಲಿ ಕಲೆ. ಅವರು ಹೇಳದಿದ್ದರೆ ರೇಷ್ಮೆ ಸೀರೆ ಹಾಳಾಗುತ್ತಿತ್ತು. ಅವರನ್ನು ಕೇಳಿಯೇ ಔಷಧಿ ಹೊಡೆಯದ ಎರಡು ಸಾಲು ಆರಿಸಿಕೊಂಡೆವು.

ಇನ್ನೊಂದು ವಿಷಯ. ನಂದಿ ಗ್ರಾಮಕ್ಕೆ ಬೆಟ್ಟ ಇರುವುದು ನೈಋತ್ಯಕ್ಕೆ. ಡಿಸೆಂಬರ್‌ನಲ್ಲಿ ಸೂರ್ಯ ಇಳಿಯುವುದೂ ಅದೇ ಕಡೆ. ಮೊಬೈಲ್ ಸೂರ್ಯಾಸ್ತ 5.50ರ ಆಸುಪಾಸು ಅಂತ ತೋರಿಸಿದರೂ, ಐದಕ್ಕೆಲ್ಲಾ ಬಿಸಿಲು ಬೆಟ್ಟದ ಹಿಂದೆ ಹೋಯಿತು. ಹಿಂದಿನ ದಿನವೇ ನೋಡಿದ್ದರಿಂದ ಬಿಸಿಲಿನ ಫೋಟೋಗಳನ್ನು ನಾಲ್ಕೂಕಾಲಿಗೇ ಮುಗಿಸಿದ್ದೆ. ಬಿಸಿಲು ಹೋದಮೇಲೂ ಆಕಾಶದಲ್ಲಿ ಇನ್ನೂ ಬೆಳಕಿತ್ತು, ನೆಲದಲ್ಲಿ ನೆರಳು ಅನ್ನುವುದೇ ಇರಲಿಲ್ಲ. ಕುಟುಂಬದ ನಲವತ್ತು ಜನರ ಫೋಟೋಗೆ ಆ ಹೊತ್ತನ್ನೇ ಉಳಿಸಿಕೊಂಡಿದ್ದೆ. ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಮಧ್ಯೆ ಕೂರಿಸಿದರು. ಯಾರೂ ಕಣ್ಣು ಕಿರಿದು ಮಾಡಲಿಲ್ಲ. ಮದುಮಗಳ ಧಾರೆ ಸೀರೆ, ಕೆಂಪು ಅಂಚು, ಇದ್ದ ಬಣ್ಣದಲ್ಲೇ ಬಂತು.